ಹದ ನೋಡಿ ಇಳಿಯುವ ಜೀಪು

ಕಲಬುರಗಿಯ ರೋಜಾದಲ್ಲಿ ನನಗೆ ಪರಿಚಯದ ಒಬ್ಬ ಉಸ್ತಾದ್ ಇದ್ದಾರೆ. ಹಳೇ ಜೀಪು ಕೊಳ್ಳುತ್ತೇನೆಂದು ಯಾರಾದರೂ ಅವರನ್ನು ಜೊತೆಗೆ ಕರೆದೊಯ್ದರೆ ಅವರು ಬಾನೆಟ್ ಎತ್ತುವುದಿಲ್ಲ, ಎಂಜಿನ್ ಚಾಲೂ ಮಾಡಿಸುವುದೂ ಇಲ್ಲ. ಕೊಳ್ಳುವವನ ಕೈಗೇ ಸಣ್ಣ ಸುತ್ತಿಗೆ ಕೊಟ್ಟು ಗಾಡಿಯ ಕೆಳಗೆ ತೂರಿಸುತ್ತಾರೆ. ಚಾಸಿಯ ಉದ್ದಕ್ಕೂ, ಅದರಲ್ಲೂ ಕಮಾನು ಪಾಟಾ ಕೂರುವ ಜಾಗಗಳಲ್ಲಿ ಬಡಿಯುತ್ತ ಬರಬೇಕು. ಗಟ್ಟಿ ಕಬ್ಬಿಣ ಟಣ್ ಎನ್ನುತ್ತದೆ. ತುಕ್ಕು ತಿಂದ ಮೇಲೆ ಬಣ್ಣ ಬಳಿದದ್ದು ಡಬ್ ಎನ್ನುತ್ತದೆ. "ಎಂಜಿನ್ ಯಾವಾಗ ಬೇಕಾದ್ರೂ ಸಿಗ್ತದ ಸಾಹೇಬ್. ಚಾಸಿ ಸತ್ರ ಗಾಡಿನೇ ಸತ್ತಂಗ" ಎನ್ನುವುದು ಅವರ ಮೊದಲ ಪಾಠ.

ಹಾದಿ ಬಿಟ್ಟು ಗಾಡಿ ಓಡಿಸುವ ಹವ್ಯಾಸಕ್ಕೆ ಕರ್ನಾಟಕದಲ್ಲಿ ಹೆಸರಾದದ್ದು ಮಲೆನಾಡು. ಮಡಿಕೇರಿಯ ಮಾಂದಲಪಟ್ಟಿ, ಕೊಡಚಾದ್ರಿಯ ಏರು, ಸಕಲೇಶಪುರದ ಕಾಫಿ ತೋಟಗಳ ಹಾದಿ, ಎಲ್ಲ ಕಡೆಯೂ ಮಳೆ, ಇಳಿಜಾರು, ಕಲ್ಲು. ಅಲ್ಲಿಂದ ಬಂದ ಗೆಳೆಯನೊಬ್ಬ ನಮ್ಮ ಕಡೆಯ ಬಯಲು ನೋಡಿ "ಇಲ್ಲೇನು ಓಡಿಸ್ತೀರಿ, ಎಲ್ಲ ಸಪಾಟು" ಎಂದು ನಕ್ಕ. ಆಗಿನ್ನೂ ಬೇಸಿಗೆ. ಆಗಸ್ಟಿನಲ್ಲಿ ಬಾ ಎಂದೆ.

ನಮ್ಮ ಎರೆ ಮಣ್ಣು ದಖ್ಖನ್ನಿನ ಕಪ್ಪು ಶಿಲೆ ಸವೆದು ಆದದ್ದು. ಇದರ ಜೇಡಿಯಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಖನಿಜ ಹೆಚ್ಚು. ಅದು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುವ ಅದೇ ಹೊಲ ಮಳೆಗಾಲದಲ್ಲಿ ತಳವಿಲ್ಲದ ರಾಡಿ. ವರ್ಷಕ್ಕೆ ಸುಮಾರು 750 ಮಿಲಿಮೀಟರ್ ಮಳೆ ಬೀಳುವ ಊರು ನಮ್ಮದು. ಕೊಡಗಿಗೆ ಹೋಲಿಸಿದರೆ ಅದು ಹನಿ ಚಿಮುಕಿಸಿದಷ್ಟು. ಆದರೆ ಎರೆಗೆ ಅಷ್ಟು ಸಾಕು. ಮೊದಲ ಮಳೆಗೆ ಮೇಲಿನ ಎರಡು ಇಂಚು ಮಾತ್ರ ನೆನೆದು ಸಾಬೂನಿನಂತಾಗುತ್ತದೆ. ಗಾಡಿ ಅತ್ತಿತ್ತ ಜಾರಿದರೂ ಕೆಳಗೆ ಗಟ್ಟಿ ನೆಲ ಸಿಗುತ್ತದೆ. ನಾಲ್ಕು ದಿನ ಹಿಡಿದು ಸುರಿದರೆ ಆ ಗಟ್ಟಿ ನೆಲವೂ ಇಲ್ಲ. ಟೈರಿನ ಹಲ್ಲುಗಳ ನಡುವೆ ಮಣ್ಣು ಮೆತ್ತಿಕೊಂಡು ಎಷ್ಟೇ ದುಬಾರಿ ಟೈರೂ ಬೋಳಾಗುತ್ತದೆ. ಗಾಲಿ ಜೋರಾಗಿ ತಿರುಗಿಸಿದರೆ ಹಲ್ಲು ಚೊಕ್ಕವಾಗುತ್ತದೆ ನಿಜ, ಆದರೆ ಅಷ್ಟೇ ಬೇಗ ಗುಂಡಿ ತೋಡಿಕೊಂಡು ಆಕ್ಸಲ್ ನೆಲಕ್ಕೆ ಕೂರುತ್ತದೆ. ಈ ಎರಡರ ನಡುವಿನ ಅಳತೆಯನ್ನು ಕಾಲಿನ ಹೆಬ್ಬೆರಳು ಕಲಿಯಬೇಕು.

ಕಮಲಾಪುರದ ಕಡೆ ಹೋದರೆ ಕಪ್ಪಿನ ನಡುವೆ ಕೆಂಪು ಇಣುಕುತ್ತದೆ. ಹುಮನಾಬಾದ್ ದಾಟಿ ಬೀದರ್ ಹತ್ತಿರವಾದಂತೆ ಪೂರ್ತಿ ಜಂಬಿಟ್ಟಿಗೆ ನೆಲ. ಮಸಾರಿ, ಗರಸು ಇದ್ದಲ್ಲಿ ನೀರು ನಿಲ್ಲುವುದಿಲ್ಲ, ಗಾಲಿಗೆ ಹಿಡಿತ ಸಿಗುತ್ತದೆ. ಹೊಸಬರು ಕಲಿಯಲು ಇದೇ ಸರಿ. ಭೌಗೋಳಿಕ ಗುರುತು ಪಡೆದ ಕೆಂಪು ಬಾಳೆಹಣ್ಣಿಗೆ ಹೆಸರಾದ ಕಮಲಾಪುರ ನನ್ನ ಮಟ್ಟಿಗೆ ಚಾಲನಾ ಶಾಲೆಯೂ ಹೌದು. ಪಾಠ ಮುಗಿದ ಮೇಲೆ ಬಾಳೆಹಣ್ಣು ಸಿಗುವ ಶಾಲೆ ಬೇರೆಲ್ಲಿದೆ?

ಜೀಪು ರಿಪೇರಿಯ ವಿದ್ಯೆ ಇಲ್ಲಿ ಹವ್ಯಾಸದಿಂದ ಹುಟ್ಟಿದ್ದಲ್ಲ. ಬಸ್ಸು ಕಾಣದ ಹಳ್ಳಿಗಳಿಗೆ ಸೀಟು ಲೆಕ್ಕದಲ್ಲಿ ಜನರನ್ನು ಒಯ್ಯುತ್ತಿದ್ದ ಕಮಾಂಡರ್ ಜೀಪುಗಳನ್ನು ನಮ್ಮ ವಯಸ್ಸಿನವರು ಮರೆತಿಲ್ಲ. ಒಳಗೆ ಹತ್ತು, ಹಿಂದೆ ಜೋತುಬಿದ್ದು ನಾಲ್ಕು, ಮೇಲೆ ತೊಗರಿ ಚೀಲ. ಹೆಚ್ಚಿನವು ಹಿಂದಿನ ಎರಡೇ ಗಾಲಿ ಎಳೆಯುವಂಥವು. ಅವೇ ಮಳೆಗಾಲದ ಬಂಡಿದಾರಿಯಲ್ಲಿ ಹೋಗಿ ಬರುತ್ತಿದ್ದವು. ಆ ಗಾಡಿಗಳನ್ನು ದಿನದಿನವೂ ಬಿಚ್ಚಿ ಜೋಡಿಸಿದ ಕೈಗಳೇ ಈಗ ಹವ್ಯಾಸಿಗಳ ಜೀಪಿಗೆ ಪಾನಾ ಹಿಡಿದಿವೆ. ಎಂಎಂ 540ರಲ್ಲಿದ್ದ ಪ್ಯೂಜೊ ಮೂಲದ 2112 ಸಿಸಿ ಡೀಸೆಲ್ ಎಂಜಿನ್ ಕೆಮ್ಮಿದರೆ ಪಂಪಿನದೋ, ವಾಲ್ವಿನದೋ ಎಂದು ಅವರು ಬೀದಿಯ ಆಚೆಯಿಂದಲೇ ಹೇಳುತ್ತಾರೆ.

ಈ ಜೀಪಿಗೂ ನಮ್ಮ ಸೀಮೆಗೂ ಇನ್ನೊಂದು ಎಳೆ ಉಂಟು. ವಿಲ್ಲಿಸ್ ಜೀಪನ್ನು 1947ರಿಂದ ಭಾರತದಲ್ಲಿ ಜೋಡಿಸತೊಡಗಿದ ಕಂಪನಿ 1945ರಲ್ಲಿ ಲುಧಿಯಾನದಲ್ಲಿ ಹುಟ್ಟಿದಾಗ ಅದರ ಹೆಸರು ಮಹೀಂದ್ರಾ ಅಂಡ್ ಮೊಹಮ್ಮದ್. ಆ ಮೊಹಮ್ಮದ್ ಅಂದರೆ ಮಲಿಕ್ ಗುಲಾಮ್ ಮೊಹಮ್ಮದ್. ಹೈದರಾಬಾದ್ ನಿಜಾಮರ ಹಣಕಾಸು ನೋಡಿಕೊಂಡಿದ್ದವರು. ಅಂದರೆ ಆಗ ನಿಜಾಮರ ಆಳ್ವಿಕೆಯಲ್ಲಿದ್ದ ಗುಲಬರ್ಗಾದ ಲೆಕ್ಕವೂ ಅವರ ವ್ಯಾಪ್ತಿಯದೇ. ದೇಶ ಒಡೆದಾಗ ಅವರು ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಸಚಿವರಾದರು, 1951ರಲ್ಲಿ ಗವರ್ನರ್ ಜನರಲ್ ಆದರು. ಇಲ್ಲಿ 1948ರಲ್ಲಿ ಕಂಪನಿಯ ಹೆಸರು ಮಹೀಂದ್ರಾ ಅಂಡ್ ಮಹೀಂದ್ರಾ ಆಯಿತು.

ಈಗ ಹವ್ಯಾಸಕ್ಕೆ ಇಳಿಯುವವರ ಮುಂದೆ ಮೂರು ದಾರಿ. ಹಳೇ ಜೀಪು, 1985ರಲ್ಲಿ ಬಂದ ಮಾರುತಿ ಜಿಪ್ಸಿ, ಇಲ್ಲವೆ 2020ರ ನಂತರದ ಥಾರ್. ದುಡ್ಡಿದ್ದವರು ಥಾರ್ ತರುತ್ತಾರೆ, ಒಳ್ಳೆಯದೇ. ನನ್ನ ಓಟು ಮಾತ್ರ ಜಿಪ್ಸಿಗೆ. ಸುಮಾರು ಒಂದೇ ಟನ್ ತೂಕದ ಗಾಡಿ ಎರೆಯ ಮೇಲೆ ತೇಲುವಂತೆ ಹೋಗುತ್ತದೆ. ಭಾರದ ಗಾಡಿ ಎಷ್ಟು ಬಲವಿದ್ದರೂ ಹುಗಿಯುತ್ತದೆ. ಆದರೂ ನನ್ನ ಬಳಿ ಇರುವುದು ಹಳೇ ಜೀಪೇ. ಓಟು ಬೇರೆ, ಸಂಸಾರ ಬೇರೆ.

ಹೊಸಬರು ಮೊದಲು ದೊಡ್ಡ ಬಂಪರ್, ಸಾಲು ಲೈಟು, ವಿಂಚ್ ಹಾಕಿಸುತ್ತಾರೆ. ಉಸ್ತಾದ್ ಮೊದಲು ನೋಡುವುದು ಮುಂದಿನ ಗಾಲಿಯ ಕಿಂಗ್‌ಪಿನ್ ಬೇರಿಂಗ್, ಸ್ಟೇರಿಂಗಿನ ಆಟ, ಬ್ರೇಕ್ ಡ್ರಮ್ಮು. ಆಮೇಲೆ ಆಕ್ಸಲ್ಲಿನ ಗಾಳಿಕೊಳವೆ. ಬಿಸಿಯಾದ ಆಕ್ಸಲ್ ಹಳ್ಳದ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ಸೀಲಿನ ಸಂದಿನಿಂದ ನೀರು ಎಳೆದುಕೊಳ್ಳುತ್ತದೆ, ಎಣ್ಣೆ ಹಾಲಿನಂತಾಗುತ್ತದೆ. ಕೊಳವೆಗೆ ರಬ್ಬರ್ ಪೈಪು ಸಿಕ್ಕಿಸಿ ಬಾನೆಟ್ಟಿನೊಳಗೆ ಎತ್ತರಕ್ಕೆ ಕಟ್ಟಿದರೆ ಆ ತೊಂದರೆ ಇಲ್ಲ. ಖರ್ಚು ಒಂದು ಚಹಾ ತಿಂಡಿಯಷ್ಟು. ಟೈರಿನ ಗಾಳಿ 30 ಪೌಂಡಿನಿಂದ 18ಕ್ಕೆ ಇಳಿಸುವುದಕ್ಕಂತೂ ಖರ್ಚೇ ಇಲ್ಲ. ಟೈರು ಅಗಲವಾಗಿ ನೆಲ ಹಿಡಿಯುತ್ತದೆ. ಡಾಂಬರಿಗೆ ಹತ್ತುವ ಮುಂಚೆ ಮತ್ತೆ ತುಂಬಿಸಬೇಕು, ಅಷ್ಟೇ. ಇನ್ನು ಲೋ ಗೇರ್ ಲಿವರ್: ಗಾಲಿಗೆ ಹೋಗುವ ಬಲವನ್ನು ಸುಮಾರು ಎರಡೂವರೆ ಪಟ್ಟು ಹೆಚ್ಚಿಸಿ ವೇಗವನ್ನು ಅಷ್ಟೇ ತಗ್ಗಿಸುತ್ತದೆ. ಕೆಸರು ಕಂಡ ಮೇಲಲ್ಲ, ಇಳಿಯುವ ಮೊದಲೇ ಹಾಕಬೇಕು.

ಗಾಡಿಯ ರೂಪ ಬದಲಿಸುವುದಕ್ಕೆ ಕಾನೂನಿನ ಮಿತಿಯಿದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರ ಮೂಲ ವಿವರಕ್ಕೆ ಹೊಂದದಂತೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಎಂಜಿನ್ ಬದಲಿಸಿದ್ದರೆ ಆರ್‌ಟಿಒ ಒಪ್ಪಿಗೆ ಬೇಕು. ಚಿಂಚೋಳಿಯ ಕಾಡು 2011ರಿಂದ ವನ್ಯಜೀವಿಧಾಮ, ಅಲ್ಲಿ ಹಾದಿ ಬಿಟ್ಟು ಗಾಲಿ ಇಳಿಸುವ ಮಾತೇ ಇಲ್ಲ. ಹೊಲವೂ ಹಾಗೆಯೇ. ಹಸಿ ಎರೆಯ ಮೇಲೆ ಗಾಡಿ ಹಾಯ್ದರೆ ಮಣ್ಣು ಒತ್ತಿ ಗಟ್ಟಿಯಾಗುತ್ತದೆ, ಬೇರಿಗೆ ಗಾಳಿ ನೀರು ಸಿಗುವುದಿಲ್ಲ. ಇದನ್ನು ನಾನು ಪುಸ್ತಕ ಓದಿ ತಿಳಿದದ್ದಲ್ಲ.

ಆಗಸ್ಟಿನಲ್ಲಿ ಗೆಳೆಯ ಬಂದ. ಕಮಲಾಪುರದ ಹಾದಿ ಬಿಟ್ಟು ಒಂದು ಬಂಡಿದಾರಿಗೆ ಇಳಿದೆವು. ಎದುರು ದೊಡ್ಡ ಗುಂಡಿ ಕಂಡು, ಬದಿಯ ಬೀಳು ಹೊಲದ ಅಂಚಿನಿಂದ ದಾಟಿಸೋಣವೆಂದು ತಿರುಗಿಸಿದೆ. ಇಪ್ಪತ್ತು ಹೆಜ್ಜೆ ಹೋಗುವಷ್ಟರಲ್ಲಿ ಜೀಪು ಹೊಟ್ಟೆಯ ಮೇಲೆ ಕೂತಿತು. ಹೊಲದ ಯಜಮಾನರು ಟ್ರ್ಯಾಕ್ಟರ್ ತಂದರು. ಬೈಯಲಿಲ್ಲ. ಬಗ್ಗಿ ಒಂದು ಹಿಡಿ ಮಣ್ಣೆತ್ತಿ ಉಂಡೆ ಕಟ್ಟಿ ನನ್ನ ಕೈಗಿಟ್ಟರು.

"ಬಿತ್ತಾಕ ಹದ ನೋಡಂಗಿಲ್ಲೇನ್ರಿ? ಗಾಡಿ ಇಳಿಸಾಕೂ ನೋಡ್ಬೇಕು. ಉಂಡಿ ಒಡದ್ರ ಹೋಗ್ರಿ. ಅಂಟಿದ್ರ ಮನಿಗಿ ಹೋಗ್ರಿ."

"ತಪ್ಪಾಯ್ತು ಕಾಕಾ" ಎಂದೆ. ಗೆಳೆಯ ತನ್ನ ಬೂಟಿನಿಂದ ಕಾಲು ಬಿಡಿಸಿಕೊಳ್ಳುವುದರಲ್ಲಿದ್ದ. ಬೂಟು ಎರೆಯಲ್ಲೇ ನಿಂತಿತ್ತು.

ಸಂಜೆ ಊರಿಗೆ ಬಂದು ಗಾಡಿ ತೊಳೆಯಲು ಬಿಟ್ಟೆವು. ಎರೆ ಒಣಗಿದರೆ ರೇಡಿಯೇಟರಿನ ಸಂದಿನಲ್ಲಿ ಸಿಮೆಂಟಿನಂತೆ ಕೂರುತ್ತದೆ, ಅದೇ ದಿನ ತೊಳೆಯಬೇಕು. ಪೈಪು ಹಿಡಿದ ಹುಡುಗ ಗಾಡಿಯ ಸುತ್ತ ಒಂದು ಸುತ್ತು ಬಂದು ಬೆರಳಿನಿಂದ ಮಣ್ಣು ಕೆರೆದು ನೋಡಿದ. "ಎರಿ ಅದ" ಎಂದ. "ಮಸಾರಿ ಆಗಿದ್ರ ಇನ್ನೂರು. ಇದಕ್ಕ ಮುನ್ನೂರ ಐವತ್ತು."