ಮುಚ್ಚಿದ ಕಿಂಡಿಯ ಲೆಕ್ಕ

ಹತ್ತೊಂಬತ್ತನೇ ಶತಮಾನದ ಕೊನೆಯ ಟೆಲಿಫೋನ್ ಎಕ್ಸ್‌ಚೇಂಜುಗಳಲ್ಲಿ ಆಪರೇಟರುಗಳ ಎದುರಿನ ಹಲಗೆಯ ತುಂಬ ಸಾಲುಸಾಲು ಕಿಂಡಿಗಳು. ಸರಿಯಾದ ಕಿಂಡಿಗೆ ವೈರಿನ ತುದಿ ಚುಚ್ಚಿದರೆ ಊರಿನ ಇಬ್ಬರು ಮಾತಿಗೆ ಸಿಗುತ್ತಿದ್ದರು. ಆರಂಭದ ಸ್ವಿಚ್ಚು ಮಡಚುವ ಚಾಕುವಿನಂತೆ, ಅಂದರೆ ಜ್ಯಾಕ್‌ನೈಫ್‌ನಂತೆ ಇದ್ದುದರಿಂದ ‘ಜ್ಯಾಕ್’ ಎಂಬ ಹೆಸರು ಅಂಟಿಕೊಂಡಿತು. ಆ ವೈರಿನ ತುದಿಯ 6.35 ಮಿ.ಮೀ. ಪಿನ್ನು ಎಲೆಕ್ಟ್ರಿಕ್ ಗಿಟಾರಿನಲ್ಲಿ ಇಂದಿಗೂ ಇದೆ. ಟ್ರಾನ್ಸಿಸ್ಟರ್ ರೇಡಿಯೊಗಳ ಕಾಲಕ್ಕೆ ಅದರದೇ ಮರಿ 3.5 ಮಿ.ಮೀ. ಪಿನ್ನು ಬಂದು, 1979ರಲ್ಲಿ ಸೋನಿ ವಾಕ್‌ಮನ್ ಜೊತೆ ಜನರ ಜೇಬು ಸೇರಿತು. ಆ ಮೊದಲ ವಾಕ್‌ಮನ್‌ನಲ್ಲಿ ಇಬ್ಬರು ಒಟ್ಟಿಗೆ ಕೇಳಲೆಂದು ಎರಡು ಜ್ಯಾಕ್‌ಗಳಿದ್ದವು. ಈಗಿನ ಮೊಬೈಲ್ ಫೋನುಗಳಲ್ಲಿ ಒಂದಕ್ಕೂ ಜಾಗವಿಲ್ಲವಂತೆ!

ಈ ಜಾಗದ ನೆಪ ನನಗೆ ಒಪ್ಪಿಗೆಯಾಗುವುದಿಲ್ಲ. 2014ರ ವಿವೊ ಎಕ್ಸ್5 ಮ್ಯಾಕ್ಸ್ ಕೇವಲ 4.75 ಮಿ.ಮೀ. ದಪ್ಪವಿದ್ದೂ ಜ್ಯಾಕ್ ಉಳಿಸಿಕೊಂಡಿತ್ತು. ನೀರು ಒಳಗೆ ಹೋಗುತ್ತದೆ ಎನ್ನುವವರಿಗೆ 2016ರ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್7 ಉತ್ತರ. ಜ್ಯಾಕ್ ಇದ್ದೂ ಅದು ನೀರಿಗೆ ಅಂಜುತ್ತಿರಲಿಲ್ಲ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಆಪಲ್ ಐಫೋನ್ 7ರಿಂದ ಜ್ಯಾಕ್ ಕಿತ್ತುಹಾಕಿ ಅದನ್ನು ‘ಧೈರ್ಯ’ ಎಂದು ಕರೆದುಕೊಂಡಿತು. ಅದೇ ವೇದಿಕೆಯಲ್ಲಿ ವೈರಿಲ್ಲದ, 159 ಡಾಲರಿನ ಏರ್‌ಪಾಡ್ಸ್ ಇಯರ್‌ಬಡ್‌ಗಳೂ ಅನಾವರಣಗೊಂಡವು; ಧೈರ್ಯದ ಮೂಲ ಅಲ್ಲಿರಬಹುದು. ಜ್ಯಾಕ್ ತೆಗೆದದ್ದನ್ನು ಗೇಲಿ ಮಾಡಿದ ಗೂಗಲ್ ಮರುವರ್ಷವೇ ಪಿಕ್ಸೆಲ್ 2ರಲ್ಲಿ ಅದೇ ಹಾದಿ ಹಿಡಿಯಿತು. ಸ್ಯಾಮ್‌ಸಂಗ್ 2019ರ ನೋಟ್ 10ರಲ್ಲಿ ಹಿಂಬಾಲಿಸಿತು. ಈ ಕಿಂಡಿ ಯಾವ ಕಂಪನಿಯ ಸ್ವತ್ತೂ ಅಲ್ಲ. ಬೀದಿಬದಿಯಲ್ಲಿ ಕೊಂಡ ಅಗ್ಗದ ಇಯರ್‌ಫೋನೂ ಯಾವ ಫೋನಿಗಾದರೂ ಹೊಂದುತ್ತಿತ್ತು. ಹಾಗೆ ಹೊಂದಿಕೊಳ್ಳುವ ವಸ್ತುವಿನಿಂದ ಫೋನ್ ಮಾರುವವರಿಗೆ ಎರಡನೇ ಬಾರಿ ದುಡ್ಡು ಹುಟ್ಟುವುದಿಲ್ಲ.

ವೈರಿನ ಜಂಜಾಟ ಯಾರಿಗೆ ಬೇಕು ಎಂಬ ಆಕ್ಷೇಪ ನ್ಯಾಯವಾದದ್ದೇ. ಓಡುವವರಿಗೆ, ಅಡುಗೆಮನೆಯಲ್ಲಿ ಕೈ ಒದ್ದೆಯಿರುವವರಿಗೆ ಬ್ಲೂಟೂತ್ ನಿಜಕ್ಕೂ ವರ. ಆದರೆ ಇಯರ್‌ಬಡ್‌ನೊಳಗಿನ ಪುಟ್ಟ ಲಿಥಿಯಂ ಬ್ಯಾಟರಿ ಕೆಲವೇ ವರ್ಷಗಳಲ್ಲಿ ಸೊರಗುತ್ತದೆ. ಹೆಚ್ಚಿನವುಗಳಲ್ಲಿ ಅದನ್ನು ಅಂಟು ಹಾಕಿ ಮುಚ್ಚಿರುವುದರಿಂದ ಬದಲಿಸುವುದು ಕಷ್ಟ. ಬಡ್‌ಗಳೇ ಕಸದ ಬುಟ್ಟಿಗೆ ಹೋಗುತ್ತವೆ. ಚಾರ್ಜಿಂಗಿನ ಯುಎಸ್‌ಬಿ-ಸಿ ಕಿಂಡಿ ಇದೆಯಲ್ಲ ಎನ್ನುತ್ತಾರೆ. ಕೆಲವು ಫೋನುಗಳು ಆ ಕಿಂಡಿಯಿಂದ ಅನಲಾಗ್ ಸಂಕೇತವನ್ನೇ ಕೊಡುತ್ತವೆ, ಕೆಲವಕ್ಕೆ ಅಡಾಪ್ಟರಿನೊಳಗೇ ಪರಿವರ್ತಕ ಚಿಪ್ ಬೇಕು. ಹಾಗಾಗಿ ಒಂದರ ಅಡಾಪ್ಟರ್ ಇನ್ನೊಂದರಲ್ಲಿ ಮೂಕವಾಗಬಹುದು. ಚಾರ್ಜಿಗೆ ಹಾಕಿ ಹಾಡು ಕೇಳಬೇಕೆಂದರೆ ಇನ್ನೊಂದು ಕವಲು ಹುಡುಕಬೇಕು.

ಎಫ್‌ಎಂ ರೇಡಿಯೊ ಇನ್ನೊಂದು ನಷ್ಟ. ಫೋನಿನಲ್ಲಿ ಇಯರ್‌ಫೋನಿನ ವೈರೇ ಅದರ ಆಂಟೆನಾ. ಮಲೆನಾಡಿನ ಮಳೆಗೆ ಟವರ್ ಕೈಕೊಟ್ಟಾಗಲೂ ಆಕಾಶವಾಣಿ ಕೇಳಿಸಬಲ್ಲ ದಾರಿ ಅದು. ಫೋನುಗಳಲ್ಲಿ ಎಫ್‌ಎಂ ಸೌಲಭ್ಯ ಇರಲಿ ಎಂದು ಕೇಂದ್ರದ ಐಟಿ ಸಚಿವಾಲಯ 2023ರಲ್ಲಿ ತಯಾರಕರಿಗೆ ಸಲಹೆ ನೀಡಿದಾಗ ವಿಪತ್ತಿನ ಹೊತ್ತಿನ ಬಳಕೆಯನ್ನೂ ನೆನಪಿಸಿತ್ತು.

ಹಿಂದಕ್ಕೆ ಹೋಗಲಾಗದು ಎಂಬ ಮಾತೂ ಪೂರ್ತಿ ನಿಜವಲ್ಲ. ವಾಕ್‌ಮನ್ ಮಾಡಿದ ಸೋನಿಯೇ 2018ರ ಎಕ್ಸ್‌ಪೀರಿಯಾ ಎಕ್ಸ್‌ಝಡ್2ರಲ್ಲಿ ಜ್ಯಾಕ್ ತೆಗೆದು, 2020ರ ಎಕ್ಸ್‌ಪೀರಿಯಾ 1 ಮಾರ್ಕ್ 2ರಲ್ಲಿ ಮತ್ತೆ ತಂದು ಕೂರಿಸಿತು. ಆ ಫೋನೂ ನೀರಿಗೆ ಅಂಜುವುದಿಲ್ಲ.