ಡಬ್ಬಿ ಇಟ್ಟು ಬನ್ನಿ, ತರಲು ಮರೆಯದಿರಿ

ಕಂಪ್ಯೂಟರಿನ ಕಡತಕ್ಕೆ ಹಳೆಯ ದಿನಾಂಕ ಹಾಕುವುದು ಸುಲಭ. 'ಇದು ಅಂದೇ ಇತ್ತು' ಎಂದು ಸಾಬೀತು ಮಾಡುವುದು ಹೇಗೆ? ಅಮೆರಿಕದ ಸ್ಟುವರ್ಟ್ ಹೇಬರ್ ಮತ್ತು ಸ್ಕಾಟ್ ಸ್ಟಾರ್ನೆಟಾ 1991ರಲ್ಲಿ ದಾರಿ ತೋರಿದರು. ಕಡತವನ್ನಲ್ಲ, ಗಣಿತದಿಂದ ತೆಗೆದ ಅದರ 'ಬೆರಳಚ್ಚ'ನ್ನು ದಾಖಲಿಸುವುದು. 1995ರಿಂದ ಇಂಥ ಬೆರಳಚ್ಚು ವಾರಕ್ಕೊಮ್ಮೆ 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆಯ ಜಾಹೀರಾತಿನಲ್ಲಿ ಅಚ್ಚಾಗತೊಡಗಿತು. ಮನೆಮನೆಗೆ ಹೋದ ಪತ್ರಿಕೆಯನ್ನು ತಿದ್ದುವವರಾರು?

ಇಂದು ಪತ್ರಿಕೆಯ ಜಾಗದಲ್ಲಿ ಬಿಟ್‌ಕಾಯಿನ್‌ನ ಬ್ಲಾಕ್‌ಚೈನ್ ಇದೆ. ಸಾವಿರಾರು ಕಂಪ್ಯೂಟರುಗಳಲ್ಲಿ ಪ್ರತಿಯಿರುವ ಖಾತೆ ಪುಸ್ತಕ. ಪೀಟರ್ ಟಾಡ್ 2016ರಲ್ಲಿ ಪ್ರಕಟಿಸಿದ 'ಓಪನ್‌ಟೈಮ್‌ಸ್ಟಾಂಪ್ಸ್' ತಂತ್ರಾಂಶ ನಿಮ್ಮ ಬೆರಳಚ್ಚನ್ನು 'ಕ್ಯಾಲೆಂಡರ್' ಸರ್ವರ್‌ಗೆ ಕಳಿಸುತ್ತದೆ. ಸರ್ವರ್ ಹಲವರ ಬೆರಳಚ್ಚುಗಳನ್ನು ಒಂದಾಗಿಸಿ ಖಾತೆಗೆ ಸೇರಿಸುತ್ತದೆ. ಹೊಸ ಪುಟ ಬೀಳಲು ಸರಾಸರಿ 10 ನಿಮಿಷ. ಪೂರ್ಣ ಪುರಾವೆಗೆ ಕೆಲವು ತಾಸು.

ಅಷ್ಟು ಹೊತ್ತು ಪ್ರೋಗ್ರಾಂ ಕೈಕಟ್ಟಿ ಕೂರಬೇಕೆ? ಬೇಡ. ಹಿಟ್ಟಿನ ಗಿರಣಿಯಲ್ಲಿ ಡಬ್ಬಿಯನ್ನು ಸಾಲಿಗಿಟ್ಟು ನಾವು ಸಂತೆಗೆ ಹೋಗಿಬರುವುದಿಲ್ಲವೆ? ಹಾಗೆಯೇ ತಾತ್ಕಾಲಿಕ ರಸೀದಿ ಪಡೆದು ಬೇರೆ ಕೆಲಸ ನೋಡುವುದು, ನಡುನಡುವೆ ವಿಚಾರಿಸುವುದು, ಸಿದ್ಧವಾದಾಗ ಪುರಾವೆ ತರುವುದು. ಇದೇ 'ಅಸಿಂಕ್ರನಸ್' ವಿಧಾನ.

ತರಲು ಮರೆತರೆ? ಸರ್ವರ್ ಮುಚ್ಚಿಹೋದ ದಿನ ಅರ್ಧ ರಸೀದಿಯಿಂದ ಪ್ರಯೋಜನವಿಲ್ಲ. ಪೂರ್ಣ ಪುರಾವೆ ಕೈಸೇರಿದರೆ ಸರ್ವರಿನ ಹಂಗಿಲ್ಲ. ಮೂಲ ಕಡತವನ್ನೂ ಜೋಪಾನವಾಗಿಡಿ. ಒಂದು ಅಲ್ಪವಿರಾಮ ಬದಲಾದರೂ ಬೆರಳಚ್ಚು ಹೊಂದದು. ಪುರಾವೆ ಹೇಳುವುದು 'ಅಂದು ಇತ್ತು' ಎಂದಷ್ಟೇ, ಬರೆದದ್ದು ಸತ್ಯವೆಂದಲ್ಲ.