ರೈಲು ನಿಂತಾಗ ಬಂದ ಸಿಪಾಯಿ

ಯಾವುದೇ ಜಿಲ್ಲಾ ಗ್ರಂಥಾಲಯಕ್ಕೆ ಹೋಗಿ ನೋಡಿ. ಹಗಲು ಆರ್‌ಆರ್‌ಬಿ ಪುಸ್ತಕ ಹಿಡಿದು ಕೂತವರೇ ಬೆಳಗಿನ ಜಾವ ಮೈದಾನದಲ್ಲಿ ಸೇನಾ ಭರ್ತಿಗಾಗಿ ಓಡುತ್ತಿರುತ್ತಾರೆ. ಯಾವುದು ಮೊದಲು ಸಿಕ್ಕಿದರೆ ಅದು! ನಮ್ಮಂಥವರಿಗೆ 1974ರ ರೈಲ್ವೆ ಮುಷ್ಕರ ಎಂದರೆ ಒಂದು ಅಂಕದ ಪ್ರಶ್ನೆ. ನಾಯಕ ಯಾರು? ಜಾರ್ಜ್ ಫರ್ನಾಂಡಿಸ್. ಟಿಕ್ ಹಾಕಿ ಮುಂದೆ ಹೋಗುತ್ತೇವೆ. ಆ ಮುಷ್ಕರದಲ್ಲಿ ಸೈನಿಕರು ಏನು ಮಾಡಿದರು ಎಂದು ಯಾರೂ ಕೇಳುವುದಿಲ್ಲ.

ಮೇ 8ರಿಂದ 27ರವರೆಗೆ, 20 ದಿನ ನಡೆದ ಮುಷ್ಕರ ಅದು. ಭಾಗವಹಿಸಿದವರು ಸುಮಾರು 17 ಲಕ್ಷ ನೌಕರರು. ಎಂಟು ಗಂಟೆಯ ದುಡಿಮೆ, ಬೋನಸ್, ಸರ್ಕಾರಿ ಉದ್ದಿಮೆಗಳ ಕಾರ್ಮಿಕರಿಗೆ ಸಮನಾದ ವೇತನ ಅವರ ಮುಖ್ಯ ಬೇಡಿಕೆಗಳು. ಆಗಿನ್ನೂ ಉಗಿ ಎಂಜಿನ್‌ಗಳ ಕಾಲ. ಎಂಜಿನ್ ಹತ್ತಿದ ಡ್ರೈವರ್, ಫೈರ್‌ಮನ್ ಇಳಿಯುವ ಹೊತ್ತಿಗೆ ಲೆಕ್ಕವೇ ಇರುತ್ತಿರಲಿಲ್ಲ. ಮುಷ್ಕರ ಆರಂಭವಾಗುವ ಮೊದಲೇ, ಮೇ 2ರಂದು, ಜಾರ್ಜ್ ಅವರನ್ನು ಲಖನೌದಲ್ಲಿ ಬಂಧಿಸಲಾಯಿತು. ಆಮೇಲೆ ಭಾರತ ರಕ್ಷಣಾ ನಿಯಮ, ಮೀಸಾ ಅಡಿಯಲ್ಲಿ ಸಾವಿರಾರು ಮಂದಿ ಜೈಲು ಸೇರಿದರು. ರೈಲ್ವೆ ಕ್ವಾರ್ಟರ್ಸ್‌ನಿಂದ ಸಂಸಾರಗಳನ್ನೇ ಹೊರಹಾಕಿದರು.

ಜೈಲು ತುಂಬಿಸಿದರೆ ರೈಲು ಓಡುವುದಿಲ್ಲವಲ್ಲ? ಅದಕ್ಕೆ ಕರೆ ಹೋದದ್ದು ಟೆರಿಟೋರಿಯಲ್ ಆರ್ಮಿಗೆ. ಇದು ಬೇರೆ ನೌಕರಿ ಮಾಡಿಕೊಂಡೇ ಸೇರಬಹುದಾದ ಅರೆಕಾಲಿಕ ಸೇನೆ. ಅದರ ರೈಲ್ವೆ ಘಟಕಗಳಲ್ಲಿ ಇದ್ದವರು ಯಾರು ಗೊತ್ತೇ? ರೈಲ್ವೆ ನೌಕರರೇ! ನಿನ್ನೆವರೆಗೆ ಪಕ್ಕದಲ್ಲಿ ನಿಂತು ಕೆಲಸ ಮಾಡಿದವನು ಇಂದು ಸಮವಸ್ತ್ರ ತೊಟ್ಟು ಅದೇ ಯಾರ್ಡಿಗೆ ಬರುತ್ತಾನೆ. ಕರೆ ಬಂದ ಕ್ಷಣದಿಂದ ಅವನಿಗೆ ಸೇನಾ ಕಾಯ್ದೆ ಅನ್ವಯ. ‘ನಾನೂ ಮುಷ್ಕರದಲ್ಲಿದ್ದೇನೆ’ ಎಂದು ಮನೆಯಲ್ಲಿ ಕೂತರೆ ಅದು ಬರೀ ಗೈರುಹಾಜರಿಯಲ್ಲ, ಸೇನೆಯ ಲೆಕ್ಕದಲ್ಲಿ ಅಪರಾಧ. ಎಂಟು ಗಂಟೆಯ ದುಡಿಮೆ ಅವನಿಗೂ ಬೇಕಿತ್ತು, ಬಾಯಿ ಬಿಡುವಂತಿರಲಿಲ್ಲ. ಸಂವಿಧಾನದ 33ನೇ ವಿಧಿ ಸೈನಿಕರ ಹಕ್ಕುಗಳನ್ನು ಮೊಟಕುಗೊಳಿಸುವ ಅಧಿಕಾರವನ್ನು ಸಂಸತ್ತಿಗೆ ಕೊಟ್ಟಿದೆ. ಸಂಘ ಕಟ್ಟುವ ಹಕ್ಕು ಅವುಗಳಲ್ಲಿ ಒಂದು.

ಪೂರ್ಣಾವಧಿ ಸೈನಿಕರನ್ನೂ ಇಂಥ ಕೆಲಸಕ್ಕೆ ಹಚ್ಚಬಹುದು. 1947ರಷ್ಟು ಹಿಂದೆಯೇ ಅದಕ್ಕೊಂದು ಕಾಯ್ದೆ ಬಂದಿದೆ. ಯಾವುದಾದರೂ ಸೇವೆ ಜನಜೀವನಕ್ಕೆ ಅತ್ಯಗತ್ಯ ಎಂದು ಕೇಂದ್ರ ಸರ್ಕಾರ ಘೋಷಿಸಿದರೆ ಸೈನಿಕ ಆ ಕೆಲಸ ಮಾಡಲೇಬೇಕು.

ಇದೆಲ್ಲ ತಪ್ಪು ಎಂದು ಒಂದೇ ಮಾತಿನಲ್ಲಿ ಹೇಳಲಾರೆ. ಕಲ್ಲಿದ್ದಲು ಹೋಗದಿದ್ದರೆ ವಿದ್ಯುತ್ ಇಲ್ಲ, ಅಕ್ಕಿ ಗೋಧಿ ಹೋಗದಿದ್ದರೆ ಪಡಿತರ ಇಲ್ಲ. ಆಸ್ಪತ್ರೆಯಲ್ಲಿ ಮಲಗಿದವರಿಗೆ ಬೋನಸ್ ಜಗಳ ಕಟ್ಟಿಕೊಂಡು ಏನಾಗಬೇಕು? ಆದರೆ ಆ ಕಲ್ಲಿದ್ದಲಿನ ವ್ಯಾಗನ್ನು ವಿದ್ಯುತ್ ಕೇಂದ್ರಕ್ಕೆ ಕಲ್ಲಿದ್ದಲಿನ ಜತೆ ಸರ್ಕಾರಕ್ಕೆ ಧೈರ್ಯವನ್ನೂ ಹೊತ್ತುಕೊಂಡು ಹೋಗುತ್ತದೆ: ಮಾತುಕತೆ ಇಲ್ಲದೆಯೂ ಇನ್ನಷ್ಟು ದಿನ ತಳ್ಳಬಹುದು ಎಂಬ ಧೈರ್ಯ. ಸೈನಿಕನನ್ನು ಜನರ ಸೇವೆಗೆಂದು ಕರೆದರೂ ಜಗಳದಲ್ಲಿ ಅವನು ಒಂದು ಕಡೆಯವನಾಗಿಬಿಡುತ್ತಾನೆ. ಯಾವ ಕಡೆ ಎಂದು ಅವನನ್ನು ಯಾರೂ ಕೇಳಿರುವುದಿಲ್ಲ. ನನಗೆ ತಕರಾರಿರುವುದು ಇಲ್ಲಿ. ಹಾಗೆ ಕರೆಯುವ ಮುನ್ನ ಸರ್ಕಾರ ಮಾತುಕತೆಯ ಮೇಜಿನಲ್ಲಿ ಕೊನೆಯವರೆಗೂ ಕೂತಿತ್ತೇ ಎಂಬ ಲೆಕ್ಕ ಜನರಿಗೆ ಸಿಗಬೇಕು. ನಾಯಕನನ್ನೇ ಮೊದಲು ಒಳಗೆ ಹಾಕಿದ 1974ರಲ್ಲಿ ಆ ಲೆಕ್ಕ ಸರಿಹೋಗುವುದಿಲ್ಲ.

ಮುಷ್ಕರ ನಡೆಯುತ್ತಿರುವಾಗಲೇ, ಮೇ 18ರಂದು, ಪೋಖ್ರಾನ್‌ನಲ್ಲಿ ಮೊದಲ ಅಣುಪರೀಕ್ಷೆ ಆಯಿತು. 27ರಂದು ಯಾವ ಷರತ್ತೂ ಇಲ್ಲದೆ ಮುಷ್ಕರ ಹಿಂದೆಗೆದುಕೊಂಡರು. ಕೆಲಸ ಕಳೆದುಕೊಂಡವರನ್ನು 1977ರಲ್ಲಿ ಬಂದ ಜನತಾ ಸರ್ಕಾರ ಮರಳಿ ತೆಗೆದುಕೊಂಡಿತು. ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ 1989ರಲ್ಲಿ ಅದೇ ರೈಲ್ವೆಗೆ ಮಂತ್ರಿಯಾದರು. 1998ರಲ್ಲಿ ರಕ್ಷಣಾ ಮಂತ್ರಿ! ತಮ್ಮ ಮುಷ್ಕರದ ವಿರುದ್ಧ ಯಾವ ಸೇನೆಯನ್ನು ಇಳಿಸಿದ್ದರೋ ಅದೇ ಸೇನೆಯ ಸೆಲ್ಯೂಟ್ ಪಡೆದರು.

ಪ್ರತಿ ದಸರೆಯ ಹೊತ್ತಿಗೆ ರೈಲ್ವೆ ಬೋನಸ್ ಸುದ್ದಿ ಪೇಪರಿನಲ್ಲಿ ಬರುತ್ತದಲ್ಲ, ಅದು ಶುರುವಾದದ್ದು 1979ರಲ್ಲಿ. ಕೆಲಸ ನಿಲ್ಲಿಸಿದವನಿಗೂ ಸಮವಸ್ತ್ರ ತೊಟ್ಟು ರೈಲು ಓಡಿಸಿದವನಿಗೂ ಒಂದೇ ಲೆಕ್ಕದ ಬೋನಸ್.